ಸಾಕ್ಷಿ ಹೇಳಿದ ಹಲ್ಲಿ

ಲೋಧಿ ಕಾಲೋನಿ, ಹೊಸದಿಲ್ಲಿ
೨೧ ಜನವರಿ ೨೦೦೭, ಭಾನುವಾರ

ಪ್ರೀತಿಯ ಸುಶೀಲಾ,

ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ನಿನಗೆ ಬರೆದು ಕಳಿಸುತ್ತಿರುವ ಎರಡನೆಯ ಪತ್ರ ಇದು. ಮೊದಲನೆಯದು ಮದುವೆಯ ಹೊಸತರಲ್ಲಿ, ದಿಲ್ಲಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿದೆ, ಬರುವಾಗ ಒರಳುಕಲ್ಲು ಮಾತ್ರ ತರಬೇಡ ಎಂದು ಬರೆದದ್ದು. ನೀನು ತರದೆ ಬಿಡಲಿಲ್ಲ. ಹಾಗಾಗಿ ಈ ಪತ್ರದ ಮಾತನ್ನಾದರೂ ಕೇಳುತ್ತೀಯೆಂಬ ಭರವಸೆ ನನಗೇನೂ ಇಲ್ಲ. ಫೋನ್ ಮಾಡಿದರೆ ನಿನ್ನ ತಮ್ಮ ಶಂಕರ ಎತ್ತಿಕೊಂಡು, "ಅಕ್ಕ ಪೂಜೆಗೆ ಕೂತಿದಾರೆ ಭಾವ" ಅನ್ನುತ್ತಾನೆ. ಬೆಳಿಗ್ಗೆ ಏಳಕ್ಕೂ ಪೂಜೆ, ಮಧ್ಯಾಹ್ನ ಮೂರಕ್ಕೂ ಪೂಜೆ. ತುಮಕೂರಿನ ದೇವರಿಗೆ ಇಷ್ಟೊಂದು ಕೆಲಸ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನು ಚೆನ್ನಾಗಿದ್ದೇನೆ. ಮಂಜು ವಿಪರೀತ, ಹನ್ನೊಂದು ಗಂಟೆಯವರೆಗೆ ಎದುರಿನ ಬ್ಲಾಕ್ ಕಾಣುವುದಿಲ್ಲ. ನಿನ್ನ ಕರಿಬೇವಿನ ಗಿಡಕ್ಕೆ ಗೋಣಿಚೀಲ ಹೊದೆಸಿದ್ದೇನೆ. ಇನ್ನೊಂದು ವಿಷಯ ಹೇಳಬೇಕು, ಪತ್ರ ಬಿಸಾಡಬೇಡ. ಮನೆಯಲ್ಲಿ ಒಂದು ಹಲ್ಲಿ ಸಾಕಿದ್ದೇನೆ.

ಯಾವ ಹಲ್ಲಿ ಎಂದು ನಿನಗೆ ಅನುಮಾನ ಬಂದಿರುತ್ತದೆ. ಅದೇ.

ಗೌರಿ ಹಬ್ಬದ ಆ ಸಂಜೆಯನ್ನು ನಾನು ನೂರು ಸಲ ನೆನೆಸಿಕೊಂಡಿದ್ದೇನೆ. ನೀನು ಮೊರದಲ್ಲಿ ಅರಿಶಿನ ಕುಂಕುಮ, ಹಸಿರು ಬಳೆ, ತೆಂಗಿನಕಾಯಿ, ರವಿಕೆ ಕಣ ಜೋಡಿಸಿ ಧನ್ಯಾಳಿಗೆಂದು ಬಾಗಿನ ತೆಗೆದಿಟ್ಟಿದ್ದೆ. ಅವಳು ನಮಗೆ ಹೇಳದೆ ರಿಜಿಸ್ಟರ್ ಮದುವೆಯಾದ ಮೇಲೆ ಬಂದ ಮೂರನೆಯ ಗೌರಿ ಹಬ್ಬ ಅದು, ಮೂರನೆಯ ಬಾಗಿನ. ದೀಪ ಹಚ್ಚುವ ಹೊತ್ತಾದರೂ ನೀನು ಬಾಗಿಲ ಕಡೆಯೇ ನೋಡುತ್ತ ಕೂತಿದ್ದೆ. ನನಗೆ ಅದನ್ನು ನೋಡಲಾಗಲಿಲ್ಲ. ನೋಡಲಾಗದಿದ್ದಾಗ ನಾನು ಏನು ಮಾಡುತ್ತೇನೆ ಎಂದು ನಿನಗೆ ಗೊತ್ತು, ರೇಗುತ್ತೇನೆ. ಯಾರಿಗಾಗಿ ಕಾಯುತ್ತೀಯ, ನಿನ್ನ ನಾಲಿಗೆಯಿಂದಲೇ ಮಗಳು ದೂರವಾದದ್ದು ಎಂದುಬಿಟ್ಟೆ. ಮಾತು ಮುಗಿಯುವುದಕ್ಕೂ ಗಡಿಯಾರದ ಹಿಂದಿನಿಂದ ಹಲ್ಲಿ ಲೊಚಗುಟ್ಟುವುದಕ್ಕೂ ಸರಿಹೋಯಿತು.

ನೀನು ನನ್ನ ಜೊತೆ ಜಗಳ ಆಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಕೂತಲ್ಲಿಯೇ ನೆಲವನ್ನು ಮೂರು ಸಲ ಬೆರಳಿನಿಂದ ತಟ್ಟಿ, ಕೃಷ್ಣ ಕೃಷ್ಣ ಅಂದೆ. ಹಲ್ಲಿ ನುಡಿದರೆ ಆಡಿದ ಮಾತು ಸತ್ಯ ಎಂದು ನಿಮ್ಮಮ್ಮ ಕಲಿಸಿದ್ದು, ನೀನು ನಮ್ಮ ಮಗಳಿಗೆ ಕಲಿಸಿದ್ದು. ಆ ಕ್ಷಣದಲ್ಲಿ ನಿನ್ನ ಮುಖ ನೋಡಿದೆ. ಗಂಡ ಹೇಳಿದ್ದನ್ನು ನೀನು ನಂಬುತ್ತಿರಲಿಲ್ಲ, ಎಂದೂ ನಂಬಿದವಳಲ್ಲ. ಹಲ್ಲಿ ಹೇಳಿದ್ದನ್ನು ನಂಬಿಬಿಟ್ಟೆ. ವಾರ ಕಳೆಯುವುದರೊಳಗೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ.

ನೀನು ಹೋದ ಮರುದಿನ ಬೆಳಿಗ್ಗೆ ಪೊರಕೆ ತೆಗೆದುಕೊಂಡು ಗಡಿಯಾರ ಸರಿಸಿದೆ. ಕೊಲ್ಲುವುದೆಂದೇ ತೀರ್ಮಾನಿಸಿದ್ದೆ, ಸುಳ್ಳು ಹೇಳುವುದಿಲ್ಲ. ಒಂದೇ ಏಟು. ಹಲ್ಲಿ ಗ್ಯಾಸ್ ಸಿಲಿಂಡರಿನ ಹಿಂದೆ ಬಿತ್ತು, ಬಾಲ ನನ್ನ ಕಾಲ ಬಳಿ ಬಿತ್ತು. ಆ ಬಾಲ ಒಂಟಿಯಾಗಿ ಎಷ್ಟು ಹೊತ್ತು ಹೊರಳಾಡಿತು ಅಂತೀಯ! ಅದು ನಿಲ್ಲುವವರೆಗೆ ನೋಡುತ್ತ ನಿಂತು, ಪೊರಕೆಯನ್ನು ಮೂಲೆಗಿಟ್ಟೆ. ಐವತ್ತೊಂಬತ್ತು ವರ್ಷದ ಸೆಕ್ಷನ್ ಆಫೀಸರು, ಒಂದು ಹಲ್ಲಿಯ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟಿದ್ದೆ. ಆಫೀಸಿಗೆ ಹೋಗಿ ಬಂದೆ, ಅದು ಸಿಲಿಂಡರಿನ ಹಿಂದೆಯೇ ಇತ್ತು. ಮೆಟ್ಟಿಲ ಬಳಿ ಹೊಂಚು ಹಾಕುವ ಆ ಬೂದು ಬೆಕ್ಕಿನ ಕೈಗೆ ಸಿಕ್ಕರೆ ಕಥೆ ಮುಗಿಯಿತು ಎಂದು ಹಳೇ ಹಾರ್ಲಿಕ್ಸ್ ಬಾಟಲಿಯೊಳಗೆ ಸೇರಿಸಿದೆ. ಬಾಟಲಿಯಲ್ಲಿ ಎಷ್ಟು ದಿನ ಇಡುವುದು? ಧನ್ಯಾ ಸ್ಕೂಲಿನಲ್ಲಿದ್ದಾಗ ಮೀನು ಸಾಕಿದ್ದ ಗಾಜಿನ ತೊಟ್ಟಿ ನೆನಪಾಯಿತು. ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅವಳಿಗೇ ಫೋನ್ ಮಾಡಿದೆ.

ಹೌದು, ಧನ್ಯಾಳಿಗೆ. ನಂಬರು ಹೇಗೆ ಸಿಕ್ಕಿತು ಎಂದು ಕೇಳುತ್ತೀಯ. ಸ್ವಲ್ಪ ತಾಳು, ಅಲ್ಲಿಗೂ ಬರುತ್ತೇನೆ.

ಎರಡು ವರ್ಷದ ಮೇಲೆ ಮಗಳ ಜೊತೆ ಮಾತಾಡುತ್ತಿರುವ ತಂದೆ ಏನು ಕೇಳಬೇಕೋ ಅದನ್ನು ಬಿಟ್ಟು, ನಿನ್ನ ಮೀನಿನ ತೊಟ್ಟಿ ಎಲ್ಲಿಟ್ಟಿದ್ದೀಯಮ್ಮ ಎಂದು ಕೇಳಿದೆ. "ಅಟ್ಟದ ಮೇಲೆ ಅಪ್ಪ, ಲಾಲ್ ವಾಲಾ ಸೂಟ್‌ಕೇಸ್ ಹಿಂದೆ" ಅಂದಳು. ಯಾಕೆ ಬೇಕು ಎಂದು ಕೇಳಿದಳು. ಹಲ್ಲಿಗೆ ಮನೆ ಮಾಡಬೇಕು ಅಂದೆ. ನಕ್ಕಳು, ಸುಶೀಲಾ. ನಿನ್ನ ನಗುವೇ.

ಅವತ್ತಿನಿಂದ ಡಿಸೆಂಬರಿನವರೆಗೆ ವಾರಕ್ಕೊಂದು ಸಲ ಅವಳ ಫೋನು, ಮಾತೆಲ್ಲ ಹಲ್ಲಿಯದೇ. ಅವಳು ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿ ಓದುವುದು, ಹೇಳುವುದು, ನಾನು ಮಾಡುವುದು. ನಾನು ಬಟ್ಟಲಲ್ಲಿ ನೀರಿಟ್ಟಿದ್ದೆ. "ಕಟೋರಿ ಬೇಡ ಅಪ್ಪ, ಅದು ಹಾಗೆ ಕುಡಿಯಲ್ಲ, ಗಾಜಿಗೆ ಪಾನಿ ಚಿಮುಕಿಸಿ" ಅಂದಳು. ಇಸ್ತ್ರಿಗೆ ನೀರು ಚಿಮುಕಿಸುವ ನಿನ್ನ ಬಾಟಲಿ ಈಗ ಅದರ ಸೇವೆಯಲ್ಲಿದೆ. ಸಂಜೆ ಒಂದು ಸಲ ಚಿಮುಕಿಸಿದರೆ ಹನಿಗಳನ್ನು ಒಂದೊಂದಾಗಿ ನೆಕ್ಕುತ್ತದೆ. ಗೋಡೆಯ ಮೇಲೆ ಬದುಕುವ ಪ್ರಾಣಿಗೆ ನೆಲಕ್ಕಿಂತ ಎತ್ತರ ಮುಖ್ಯವಂತೆ, ಅದಕ್ಕೆ ತೊಟ್ಟಿಯೊಳಗೆ ಬೇವಿನ ಕೊಂಬೆ ನೆಟ್ಟಗೆ ನಿಲ್ಲಿಸಿದ್ದೇನೆ. ಅಡಗಿಕೊಳ್ಳಲು ಒಡೆದ ಕುಲ್ಹಡ್, ಟೀ ಕುಡಿಯುವ ಮಣ್ಣಿನ ಲೋಟ, ಟೀ ಅಂಗಡಿಯ ಭಯ್ಯಾ ಕೊಟ್ಟದ್ದು. ಮೇಲೆ ಸೊಳ್ಳೆ ಜಾಲರಿ. ಸತ್ತ ಹುಳ ಮುಟ್ಟುವುದಿಲ್ಲ, ಓಡಾಡುವುದೇ ಆಗಬೇಕು, ಅದೂ ಅದರ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದೊಡ್ಡದಿರಬಾರದು. ಹಾಗಾಗಿ ನಾನೀಗ ಟ್ಯೂಬ್‌ಲೈಟಿನ ಕೆಳಗೆ ಪಾಲಿಥಿನ್ ಚೀಲ ಹಿಡಿದು ಹುಳ ಹಿಡಿಯುವವನು. ಹುಳಗಳಿಗೆ ಸುಣ್ಣದ ಅಂಶ ಸವರಬೇಕೆಂದಳು. ನೀನು ಬಿಟ್ಟುಹೋದ ಕ್ಯಾಲ್ಸಿಯಂ ಮಾತ್ರೆಗಳನ್ನು ಪುಡಿ ಮಾಡಿ ಹಾಕಿದೆ. ಬರುವಾಗ ಹೊಸದು ತೆಗೆದುಕೊಂಡು ಬಾ.

ಬಾಲ ಮತ್ತೆ ಬೆಳೆದಿದೆ. ಮೊದಲಿನಷ್ಟು ಉದ್ದವಿಲ್ಲ, ಪಟ್ಟೆಯೂ ಇಲ್ಲ, ಮೋಟು ಮೋಟಾಗಿದೆ. ಆದರೂ ಅದೇ ಬಾಲ ಇಟ್ಟುಕೊಂಡು ಚೆನ್ನಾಗಿಯೇ ಓಡಾಡಿಕೊಂಡಿದೆ.

ಒಂದು ವಿಚಾರಣೆಯನ್ನೂ ನಡೆಸಿದ್ದೇನೆ. ಅಕ್ಟೋಬರ್ ತಿಂಗಳಿಡೀ ಅದು ಯಾವಾಗ ಯಾವ ಮಾತಿಗೆ ಲೊಚಗುಟ್ಟಿತು ಎಂದು ಡೈರಿಯಲ್ಲಿ ಬರೆದಿಟ್ಟೆ. ಇಸ್ತ್ರಿಯವನು ಬಾಗಿಲಲ್ಲಿ ನಿಂತು, "ಶಾಮ್ ತಕ್ ಪಕ್ಕಾ, ಬಾಬೂಜಿ" ಎಂದು ಸಂಜೆಯೊಳಗೆ ಕೊಡುವ ಮಾತು ಕೊಟ್ಟಾಗ ಲೊಚಗುಟ್ಟಿತು, ಬಟ್ಟೆ ಬಂದದ್ದು ಮೂರನೆಯ ದಿನ. ನಾನೇ ಮಾಡಿದ ಉಪ್ಪಿಟ್ಟನ್ನು ಬಾಯಿಗಿಟ್ಟು, ಪರವಾಗಿಲ್ಲ ಚೆನ್ನಾಗಿದೆ ಅಂದುಕೊಂಡಾಗ ಲೊಚಗುಟ್ಟಿತು. ಆ ಉಪ್ಪಿಟ್ಟನ್ನು ಬೂದು ಬೆಕ್ಕು ಕೂಡ ಮೂಸಿ ಬಿಟ್ಟಿತು. ಪ್ರೆಷರ್ ಕುಕ್ಕರ್ ಕೂಗಿದರೂ ಲೊಚಗುಟ್ಟುತ್ತದೆ, ಯಾರೂ ಏನೂ ಅನ್ನದಿದ್ದಾಗಲೂ ಲೊಚಗುಟ್ಟುತ್ತದೆ. ಇಂಥ ಸಾಕ್ಷಿಯನ್ನು ಯಾವ ಕೋರ್ಟೂ ಒಪ್ಪುವುದಿಲ್ಲ.

ಇದನ್ನು ಇಷ್ಟಕ್ಕೇ ನಿಲ್ಲಿಸಿ, ಹಲ್ಲಿಯ ಮಾತು ನಂಬಬೇಡ, ವಾಪಸು ಬಾ ಎಂದು ಬರೆದು ಸಹಿ ಮಾಡಬಹುದಿತ್ತು. ನವೆಂಬರಿನಲ್ಲಿ ಹಾಗೊಂದು ಪತ್ರ ಬರೆದೂ ಇದ್ದೆ, ಹರಿದುಹಾಕಿದೆ. ಹಲ್ಲಿ ಸುಳ್ಳು ಹೇಳುತ್ತದೆ ಎಂದು ತಿಳಿಯಲು ನನಗೆ ಡೈರಿ ಬೇಕಾಗಿರಲಿಲ್ಲ. ಗೌರಿ ಹಬ್ಬದ ದಿನವೇ ಗೊತ್ತಿತ್ತು. ಅದಕ್ಕೂ ಎರಡು ವರ್ಷ ಮೊದಲೇ ಗೊತ್ತಿತ್ತು.

ಧನ್ಯಾ ಮದುವೆಯ ಸುದ್ದಿ ಫೋನಿನಲ್ಲಿ ಹೇಳಿದ ದಿನ ನೀನು, ಇನ್ನು ನನಗೆ ಮುಖ ತೋರಿಸಬೇಡ ಅಂದದ್ದು ನಿಜ. ಎಂಟು ದಿನಕ್ಕೆ ಆ ಮಾತು ನುಂಗಿಕೊಂಡು ಅತ್ತದ್ದೂ ನಿಜ. ನೀನು ಅಂದದ್ದು ಒಂದೇ ಮಾತು. ನಾನು ಏನೂ ಅನ್ನಲಿಲ್ಲ, ಎಲ್ಲರೂ ನನ್ನನ್ನು ಸಮಾಧಾನದ ಮನುಷ್ಯ ಅಂದರು. ಆದರೆ ಆಫೀಸಿನಲ್ಲಿ ನಮ್ಮ ಕಡೆಯವರು ಮಗಳ ಮದುವೆ ಯಾವಾಗ ಸಾರ್ ಎಂದು ಕೇಳಿದಾಗಲೆಲ್ಲ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಅವಳು ಮದುವೆಯಾದ ಆ ವರ್ಷದ ನವೆಂಬರಿನಲ್ಲಿ ಒಂದು ಶನಿವಾರ ನೀನು ಸ್ವೆಟರ್ ತರಲು ಸರೋಜಿನಿ ನಗರಕ್ಕೆ ಹೋಗಿದ್ದೆ. ಆಗ ಧನ್ಯಾ ಬಂದಳು. ಒಬ್ಬಳೇ. ಬಾಗಿಲಲ್ಲಿ ನಿಂತು ಅಮ್ಮ ಇದ್ದಾರಾ ಎಂದು ಕೇಳಿದಳು. ಕೈಯಲ್ಲಿ ಮಲ್ಲಿಗೆ ದಂಡೆ ಇತ್ತು, ಐಎನ್‌ಎ ಮಾರ್ಕೆಟ್ಟಿನಿಂದ ತಂದಿದ್ದಳು. ಒಳಗೆ ಬಾ ಎನ್ನಲು ನನಗೆ ಒಂದು ಉಸಿರು ಸಾಕಿತ್ತು. ನಾನು ಅನ್ನಲಿಲ್ಲ. ಅಮ್ಮನಿಗೆ ಇನ್ನೂ ನಿನ್ನ ಮುಖ ನೋಡಲು ಇಷ್ಟವಿಲ್ಲ, ನಿನ್ನ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ, ಅವಳೇ ಕರೆಯುವ ತನಕ ಬರಬೇಡ ಎಂದೆ. ನನ್ನ ಸಿಟ್ಟನ್ನು ನಿನ್ನ ಹೆಸರಿನಲ್ಲಿ ಹೇಳಿದೆ. ಆಗ ಬಾಗಿಲ ಮೇಲಿನಿಂದ ಹಲ್ಲಿ ಲೊಚಗುಟ್ಟಿತು. ನಮ್ಮ ಮಗಳು ಏನು ಮಾಡಿದಳು ಗೊತ್ತೆ? ಬಾಗಿಲ ಚೌಕಟ್ಟನ್ನು ಮೂರು ಸಲ ತಟ್ಟಿದಳು. ಕೃಷ್ಣ ಕೃಷ್ಣ ಅಂದಳು. ಹಿಂದಿಯಲ್ಲೇ ಕನಸು ಕಾಣುವ ಹುಡುಗಿ, ನೀನು ಕಲಿಸಿದ್ದನ್ನು ಮಾತ್ರ ಮರೆತಿರಲಿಲ್ಲ. ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು, ಅಮ್ಮನಿಗೆ ಕೊಡಿ ಎಂದು ದಂಡೆಯ ಜೊತೆ ನನ್ನ ಕೈಗಿತ್ತು ಮೆಟ್ಟಿಲಿಳಿದಳು.

ಆ ಚೀಟಿಯನ್ನು ಹಿಂದಿನ ವರ್ಷದ ಪಂಚಾಂಗದೊಳಗಿಟ್ಟೆ. ಹಳೇ ಪಂಚಾಂಗವನ್ನು ನೀನು ತೆರೆಯುವುದಿಲ್ಲ, ದೇವರ ಪುಸ್ತಕವೆಂದು ಎಸೆಯುವುದೂ ಇಲ್ಲ. ಮಲ್ಲಿಗೆ ದಂಡೆಯನ್ನು ನೀನೇ ದೇವರಿಗೆ ಏರಿಸಿದೆ. ನೀವು ಹೂವು ತರುವುದೂ ಉಂಟೆ ಎಂದು ನಗುತ್ತ ಕೇಳಿದೆ, ನಾನು ನಕ್ಕೆ. ಆಮೇಲೆ ಎರಡು ವರ್ಷ ಅವಳೇ ಬರಲಿ ಎಂದು ನೀನು ಕಾದೆ, ಅಮ್ಮ ಕರೆಯಲಿ ಎಂದು ಅವಳು ಕಾದಳು. ನಡುವೆ ನಾನು ಪೇಪರ್ ಓದುತ್ತ ಕೂತಿದ್ದೆ. ಇವತ್ತು ಹೇಳುತ್ತೇನೆ ನಾಳೆ ಹೇಳುತ್ತೇನೆ ಎಂದು ತಳ್ಳುತ್ತ ಹೋದೆ. ದಿನ ಕಳೆದಷ್ಟೂ ನನಗೆ ನಿನ್ನ ಭಯ ಹೆಚ್ಚಾಯಿತು.

ಡಿಸೆಂಬರಿನಲ್ಲಿ ಚಳಿ ಏರಿತು. ಒಂದು ಭಾನುವಾರ ಬೆಳಗಿನಿಂದ ಕರೆಂಟ್ ಇಲ್ಲ, ಬೆಚ್ಚಗಿರಲೆಂದು ತೊಟ್ಟಿಗೆ ಹಾಕಿದ್ದ ಬಲ್ಬ್ ಆರಿ ಹಲ್ಲಿ ಸೆಟೆದುಕೊಂಡಿತ್ತು. ಗಾಬರಿಯಾಗಿ ಫೋನ್ ಮಾಡಿದರೆ, ಬಿಸಿನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಗಾಜಿಗೆ ಒರಗಿಸಿಡಿ, ನಾನು ಬರ್ತೀನಿ ಅಂದಳು. ಮಯೂರ್ ವಿಹಾರದಿಂದ ಆಟೋದಲ್ಲಿ ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲಿಲ್ಲ. ಅವಳ ಕಣ್ಣು ಹುಡುಕುತ್ತಿದ್ದದ್ದು ಹಲ್ಲಿಯನ್ನಲ್ಲ. ಇಷ್ಟು ದಿನ ಪ್ರತಿ ಫೋನಿನ ಕೊನೆಗೂ ಅಮ್ಮ ಹೇಗಿದಾರೆ ಎಂದು ಕೇಳುತ್ತಿದ್ದವಳಿಗೆ, ಚೆನ್ನಾಗಿದ್ದಾಳೆ ಅನ್ನುತ್ತಿದ್ದೆ, ನೀನು ಮನೆಯಲ್ಲಿಲ್ಲವೆಂದು ಹೇಳಿರಲೇ ಇಲ್ಲ. ಅದೇ ಬಾಗಿಲಲ್ಲಿ ಎಲ್ಲವನ್ನೂ ಹೇಳಿದೆ.

ಅವಳು ಬೈಯಲಿಲ್ಲ. ಒಳಗೆ ಬಂದು ಹಲ್ಲಿ ಕದಲುವವರೆಗೆ ತೊಟ್ಟಿಯ ಪಕ್ಕ ಕೂತಳು, ಬಾಟಲಿಯ ನೀರು ಎರಡು ಸಲ ಬದಲಾಯಿಸಿದಳು. ಹೋಳಿ ಕಳೆದು ಸೊಳ್ಳೆ ಬರುವ ಹೊತ್ತಿಗೆ ಅದನ್ನು ತೊಟ್ಟಿಯಿಂದ ಬಿಟ್ಟುಬಿಡಿ ಅಂದಳು. ಹೊರಡುವಾಗ ಬೀರುವಿನ ಮೇಲಿದ್ದ ಮೊರ ಕಂಡಳು. ನಿನ್ನ ಬಾಗಿನ. ನಾನು ಮುಟ್ಟಿರಲಿಲ್ಲ, ಕಾಯಿ ಒಣಗಿ ಕೊಬ್ಬರಿಯಾಗಿದೆ. ಯಾರದು ಎಂದಳು, ನಿನ್ನದೇ ಅಂದೆ. ಬಳೆಗಳನ್ನು ಒಂದು ಸಲ ಮುಟ್ಟಿ ನೋಡಿ, "ಅಮ್ಮ ಕೊಟ್ಟರೆ ತೊಗೋತೀನಿ" ಅಂದು ಹೋದಳು. ಆಮೇಲೆ ನನಗೆ ಫೋನ್ ಮಾಡಿಲ್ಲ. ನಾನು ಮಾಡಿದರೆ ಎತ್ತುವುದೂ ಇಲ್ಲ. ಅದು ನ್ಯಾಯವೇ.

ಸುಶೀಲಾ, ಮಗಳು ದೂರವಾದದ್ದು ನಿನ್ನ ನಾಲಿಗೆಯಿಂದಲ್ಲ, ನನ್ನ ನಾಲಿಗೆಯಿಂದ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನನಗಾಗಿ ಬರಬೇಡ. ಕಾಯಿ ಬೇರೆ ತರೋಣ, ಬಳೆ ಅವೇ ಆಗುತ್ತವೆ. ಅವಳ ಕೈಗೆ ಅದನ್ನು ಕೊಡುವುದಕ್ಕಾದರೂ ಬಾ. ಆ ಚೀಟಿಯನ್ನು ಈ ಪತ್ರದೊಳಗೆ ಇಟ್ಟಿದ್ದೇನೆ. ಎರಡು ವರ್ಷ ತಡವಾಗಿ ತಲುಪಿಸುತ್ತಿದ್ದೇನೆ. ಮೊದಲು ಅವಳಿಗೆ ಫೋನ್ ಮಾಡು, ನನ್ನ ವಿಷಯ ಆಮೇಲೆ ತೀರ್ಮಾನಿಸು.

ನಿನ್ನ
ಚಂದ್ರಕಾಂತ

ತಾ.ಕ.: ಲಕೋಟೆ ಅಂಟಿಸುವ ಮೊದಲು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಇಷ್ಟೆಲ್ಲ ವಿಚಾರಣೆ ಮಾಡಿದ ಮೇಲೂ ನನಗೆ ಒಳಗೊಳಗೇ ಆಸೆಯಿತ್ತು. ಹಲ್ಲಿ ಕೊಂಬೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು, ಒಂದು ಸಲವೂ ಲೊಚಗುಟ್ಟಲಿಲ್ಲ. ಸ್ವಲ್ಪ ಹೊತ್ತು ಕಾದೆ. ಕೊನೆಗೆ ನಾನೇ ಮೇಜನ್ನು ಮೂರು ಸಲ ತಟ್ಟಿದೆ.