ನೆಜಿಯಾ ಚಿಕ್ಕಮ್ಮನ ಮರಳು

ಘಾರ್ ಎಲ್ ಮೆಲ್ಹ್, ಸೋಮವಾರ

ಅಣ್ಣಾ,

ಇಲ್ಲಿ ಹಾಡಹಗಲೇ ಹೊಲ ಕದ್ದಿದ್ದಾರೆ. ನೀನು ಹೆಸರು ಕೊಟ್ಟಿರುವ ಓಟದ ದಾರಿ ಜೌಗಿನಿಂದ ಕಡಲತನಕ ಮೆತ್ತಗಿರಲಿ ಎಂದು, ನಾನಿರುವ ಮನೆಯ ನೆಜಿಯಾ ಚಿಕ್ಕಮ್ಮನ ಆಲೂಗಡ್ಡೆ ಹೊಲದ ಮರಳನ್ನೇ ಟ್ರ್ಯಾಕ್ಟರಿನಲ್ಲಿ ಹೊತ್ತು ಹರಡಿಬಿಟ್ಟಿದ್ದಾರೆ! ಇಲ್ಲಿ ಹೊಲದ ಮರಳಿನಡಿ ಉಪ್ಪುನೀರಿನ ಮೇಲೆ ಮಳೆನೀರು ತೆಳ್ಳಗೆ ತೇಲುತ್ತದೆ, ಬೇರು ಕುಡಿಯುವುದು ಅದನ್ನೇ. ಮರಳು ಗೇಣು ತಗ್ಗಿದರೂ ಬೇರು ಉಪ್ಪಿಗೆ ತಾಗಿ ಸಾಯುತ್ತದೆ.

“ಮೊಳಕೆ ಕಾಣಲಿಲ್ಲ, ಖಾಲಿ ಜಾಗ ಅಂದ್ಕೊಂಡ್ವಿ. ಕಡಲ ಮರಳು ಬೇಕಾದಷ್ಟಿದೆ, ತಗೊಳ್ಳಮ್ಮ” ಅಂದ ಓಟದ ಸಂಘದವನು.

“ಆ ಉಪ್ಪು ಮರಳಲ್ಲಿ ನಿಮ್ಮಪ್ಪನ್ನ ಬಿತ್ಕೋ ಹೋಗು!” ಅಂದಳು ಚಿಕ್ಕಮ್ಮ.

ಬಡವರ ನೆಲ ಕಸಿದು ಶ್ರೀಮಂತರು ಓಡುವುದು ಲೂಟಿ ಎಂದು ನಾನು ಕೂಗಿದೆ. ಅವಳು ನನ್ನ ಕಡೆಗೂ ತಿರುಗಿದಳು: “ಭಾಷಣ ಆಮೇಲೆ ಮಾಡೇ, ಮೊದಲು ಬುಟ್ಟಿ ಹಿಡಿ.”

ದಾರಿಯಿಂದ ಮರಳು ಹೊತ್ತು ತರುತ್ತಿದ್ದೇವೆ, ಕೈ ಸಾಲದು. ನನ್ನ ಜ್ವರ ಬಿಟ್ಟಿದೆ ಎಂದು ಅಮ್ಮನಿಗೆ ಹೇಳು. ಓಟ ಭಾನುವಾರವಾದರೂ ನೀನು ಮೊದಲೇ ಬಾ. ಬೂಟು ಮನೆಯಲ್ಲೇ ಇರಲಿ, ಎರಡು ಬುಟ್ಟಿ ತಾ. ಹಳೇ ಬಂದರಿನ ಕಮಾನಿನ ಕೆಳಗೆ ಕಾಯುತ್ತೇನೆ, ಶುಕ್ರವಾರ ಬೆಳಿಗ್ಗೆ ಆರಕ್ಕೆ.

ಸಬೀಹಾ