ಅಪ್ಪನ ನಾಲ್ಕೂವರೆ ಗಂಟೆ

ಜನಕಪುರಿ, ದೆಹಲಿ
11 ಜನವರಿ 2025, ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ಲಂಡನ್ನಿನ ಚಳಿಗೆ ಶುಂಠಿ ಕಷಾಯ ಮಾಡಿಕೊಂಡು ಕುಡಿ, ಸೋಮಾರಿ. ಇಲ್ಲಿ ಮಂಜು ಕವಿದು ಎದುರುಮನೆ ಬಾಲ್ಕನಿಯೇ ಕಾಣುತ್ತಿಲ್ಲ. ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಅಲ್ಲ, ಸ್ವಲ್ಪ ಆಗು. ಮೇಲಿನ ಮನೆಯ ಅಪೂರ್ವಾ ಇವತ್ತು ಅಲ್ಲಿಗೇ ಹೊರಟಿದ್ದಾಳೆ, ನಾಳೆ ಇದನ್ನು ನಿನ್ನ ಕೈಗೇ ಕೊಡುತ್ತಾಳೆ.

ಅಪ್ಪನ ಎದೆನೋವು ಗ್ಯಾಸ್ ಅಲ್ಲವಂತೆ ಕಣೇ. ಹಾರ್ಟಿನ ವಾಲ್ವ್ ಹಾಳಾಗಿದೆ, ಬುಧವಾರ ಬೆಳಿಗ್ಗೆ ಆಪರೇಷನ್. ಐದು ಗಂಟೆ ಹಿಡಿಯಬಹುದು ಎಂದಿದ್ದಾರೆ ಡಾಕ್ಟರು. ಇದನ್ನು ನಿನಗೆ ಫೋನಿನಲ್ಲಿ ಹೇಳಬಾರದು, ಮೆಸೇಜೂ ಮಾಡಬಾರದು ಎಂದು ಅಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಕಾಗದದ ಮಾತೆತ್ತಲಿಲ್ಲ. ಜೀವಮಾನವೆಲ್ಲ ಸರ್ಕಾರಿ ಗುಮಾಸ್ತರಾಗಿದ್ದವರು ಈ ಸಂದು ಹೇಗೆ ಬಿಟ್ಟರೋ!

ಈಗ ಅವರ ಲೆಕ್ಕ ಕೇಳು. ಕಳೆದ ಸಲ ನೀನು ಹೊರಟಾಗ ನಿನ್ನ ಟಿಕೆಟ್ ನೋಡಿದ್ದರಲ್ಲ, ಇಲ್ಲಿ ಮಧ್ಯಾಹ್ನ ಎರಡಕ್ಕೆ ಬಿಟ್ಟು ಅಲ್ಲಿ ಸಂಜೆ ಆರೂವರೆಗೆ ಇಳಿಯುವುದು. ಆಫೀಸಿನಲ್ಲಿ ಊರೂರು ಸುತ್ತಿ ಬಂದ ಅಧಿಕಾರಿಗಳ ಟಿ.ಎ. ಬಿಲ್ ಪಾಸು ಮಾಡಿದ ಕಣ್ಣು. ತಲುಪಿದ ಹೊತ್ತಿನಿಂದ ಹೊರಟ ಹೊತ್ತು ಕಳೆದರು, ನಾಲ್ಕೂವರೆ ಗಂಟೆ, ಮುಗಿಯಿತು. ದಿನಾ ನಿನಗೆ ಫೋನ್ ಮಾಡಿ "ಅಲ್ಲೀಗ ಎಷ್ಟು ಗಂಟೆ?" ಎಂದು ಕೇಳುವ ಮನುಷ್ಯನಿಗೆ, ಎರಡೂ ಊರಿನ ಗಡಿಯಾರದ ಆ ವ್ಯತ್ಯಾಸ ಈ ಲೆಕ್ಕಕ್ಕೂ ಸೇರುತ್ತದೆ ಎಂದು ಹೊಳೆದೇ ಇಲ್ಲ. "ನಮ್ಮೂರು ತುಮಕೂರಿಗಿಂತ ಲಂಡನ್ನೇ ಹತ್ತಿರ ಕಣೇ. ನನ್ನನ್ನ ಒಳಗೆ ಕರಕೊಂಡು ಹೋದಮೇಲೆ ಅವಳಿಗೆ ಫೋನ್ ಮಾಡು. ನಾನು ಕಣ್ಣು ಬಿಡೋಷ್ಟರಲ್ಲಿ ಬಂದಿರ್ತಾಳೆ" ಅನ್ನುತ್ತಾರೆ.

ನಗಬೇಕೋ ಅಳಬೇಕೋ ಹೇಳು. ಒಂಬತ್ತು ಗಂಟೆಗೂ ಮೀರಿದ ಹಾದಿ. ಬರುವಾಗಲಂತೂ ಅಲ್ಲಿ ರಾತ್ರಿ ಹತ್ತಿದರೆ ಇಲ್ಲಿ ಇಳಿಯುವಾಗ ಮರುದಿನ ಮಧ್ಯಾಹ್ನದ ಹತ್ತಿರ. ಅದರ ಮೇಲೆ ಈ ಮಂಜಿಗೆ ವಿಮಾನಗಳೆಲ್ಲ ತಡ. ತಿದ್ದೋಣವೆಂದು ಬಾಯಿ ತೆರೆದೆ. ಆದರೆ ಸೋಫಾದಲ್ಲಿ ಕೂತೇ ಬೆಳಗು ಮಾಡುತ್ತಿದ್ದವರು ಆ ಲೆಕ್ಕ ಹಾಕಿದ ದಿನದಿಂದ ಮಲಗಿ ನಿದ್ದೆ ಮಾಡುತ್ತಿದ್ದಾರೆ. ಅಮ್ಮ ಬದುಕಿದ್ದಿದ್ದರೆ ಹೇಳುತ್ತಿದ್ದಳೇನೋ. ನನ್ನ ಕೈಲಾಗಲಿಲ್ಲ ಅಕ್ಕಾ, ತುಂಬಾ ಭಯವಾಗುತ್ತಿದೆ.

ನಿನ್ನನ್ನು ಬಾ ಎಂದು ಕರೆಯುವುದಿಲ್ಲ ಎಂದೂ ಆಣೆ ಮಾಡಿದ್ದೇನೆ. ನಿನ್ನದು ಹೊಸ ಕೆಲಸ, ರಜೆ ಕೇಳುವುದು ಕಷ್ಟ, ಗೊತ್ತು. ಅದಕ್ಕೇ ಕರೆಯುತ್ತಿಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲ ಕಳಿಸಿದ್ದೇನೆ, ಅದನ್ನು ತಿಂದಾದರೂ ನನ್ನ ಮೇಲೆ ರೇಗದಿರು.

ನಿನ್ನ ತಂಗಿ,
ಗಗನಾ

ವಿ.ಸೂ.: ಕ್ಯಾಬ್ ಬಂತು, ಅಪೂರ್ವಾ ಕೆಳಗಿಂದ "ದೀದಿ, ಜಲ್ದಿ ಜಲ್ದಿ" ಎಂದು ಕಾಗದಕ್ಕಾಗಿ ಕೂಗುತ್ತಿದ್ದಾಳೆ. ಆಣೆ ಹಾಳಾಗಲಿ. ಆಪರೇಷನ್ ಮುಗಿದು ಅಪ್ಪನಿಗೆ ಎಚ್ಚರವಾದ ಮೇಲೆ ಒಳಗೆ ಒಬ್ಬರನ್ನೇ ಬಿಡುತ್ತಾರಂತೆ. ಯಾರನ್ನು ಬಿಡಲಿ ಎಂದು ನಿನ್ನೆ ಆಸ್ಪತ್ರೆಗೆ ಹೋದಾಗ ನರ್ಸ್ ಕೇಳಿದ್ದಕ್ಕೆ ಅಪ್ಪ ನನ್ನೆದುರೇ ನಿನ್ನ ಹೆಸರು ಹೇಳಿದರು. ನನಗೆ ಬೇಜಾರಿಲ್ಲ, ಆಮೇಲೆ ಜಗಳ ಆಡೋಣ. ಸೋಮವಾರ ರಾತ್ರಿಯೇ ಹೊರಡು. ಅಪ್ಪ ಕೇಳಿದರೆ ನಾಲ್ಕೂವರೆ ಗಂಟೆಯೇ ಹಿಡಿಯಿತು ಎಂದುಬಿಡು.