ಬಯಕೆಯ ಮಣ್ಣು

ಹುಕ್ಕೇರಿ
11 ಆಗಸ್ಟ್ 2004

ಪ್ರೀತಿಯ ಅವ್ವನಿಗೆ, ನಿನ್ನ ಮಗಳು ನೇತ್ರಾ ಮಾಡುವ ಶರಣು.

ಈ ಪತ್ರವನ್ನು ನೀನೇ ಕೂತು ಓದು. ನಿಧಾನವಾದರೂ ಅಡ್ಡಿಯಿಲ್ಲ. ಓದಿ ಮುಗಿಸಿದ ಮೇಲೆ ಶಿದ್ರಾಮಣ್ಣನಿಗೂ ವೈನಿಗೂ ತೋರಿಸು. ಅದಕ್ಕೂ ಮೊದಲು ಬೇಡ.

ಮೊನ್ನೆ ಅಣ್ಣನ ಪತ್ರ ಬಂತು. ಕಸ್ತೂರಿ ವೈನಿಗೆ ಮೂರು ತಿಂಗಳು ಎಂದು ಓದಿ ಬಹಳ ಸಂತೋಷವಾಯಿತು. ಅದರ ಕೆಳಗೇ ಇನ್ನೊಂದು ಸಾಲಿತ್ತು. "ನಿನ್ನಂಗ ಇವಳಿಗೂ ಮಣ್ಣಿನ ಬಯಕಿ ಹತ್ತೇತಿ. ಅವ್ವ ಹೊಳಿಯಿಂದ ಹೆಂಟಿ ತಂದು ಮಾಳಿಗಿ ಮ್ಯಾಲೆ ಒಣಗಿಸ್ಯಾಳ." ಐದು ತಿಂಗಳಿಂದ ನಿನಗೆ ಹೇಳಬಾರದು ಎಂದು ಇಟ್ಟುಕೊಂಡದ್ದನ್ನು ಈಗ ಹೇಳಲೇಬೇಕಾಗಿದೆ.

ಅವ್ವಾ, ಆ ಮಣ್ಣನ್ನು ವೈನಿಗೆ ಕೊಡಬೇಡ. ಒಂದು ಚೂರೂ ಬೇಡ.

ನನ್ನ ಸುಧಾಗೆ ಈಗ ಒಂದೂವರೆ ವರ್ಷ. ಇನ್ನೂ ಕುತ್ತಿಗೆ ನಿಂತಿಲ್ಲ. ಕೆಲವು ಕೂಸುಗಳು ತಡವಾಗಿ ಕೂಡುತ್ತವೆ ಎಂದು ನಿನಗೆ ಬರೆಯುತ್ತಾ ಬಂದೆ. ಅವಳಿಗೆ ಫಿಟ್ಸ್ ಬರುವುದನ್ನು ಬರೆಯಲಿಲ್ಲ. ಗೋಕಾಕದಲ್ಲಿ ತೋರಿಸಿದೆವು, ಆಮೇಲೆ ಬೆಳಗಾವಿಗೆ ಹೋದೆವು. ಅಲ್ಲಿನ ಡಾಕ್ಟರಬಾಯಿ ಕೂಸಿನ ರಕ್ತ ಮುಂಬಯಿಗೆ ಕಳಿಸಿದರು. ಅದರಲ್ಲಿ ಸೀಸ ಇದೆ ಎಂದು ಬಂತು. "ಬಸರಿದ್ದಾಗ ಏನರೆ ಬ್ಯಾರೆ ತಿಂದಿದ್ದೇನವಾ?" ಎಂದು ಕೇಳಿದರು. ಹಿಂದೆ ನಿಂತಿದ್ದ ಅತ್ತಿ ಹೇಳಿದರು, "ಮಣ್ಣ ತಿಂತಿದ್ಲರಿ. ಇವರವ್ವ ಕಟ್ಟಿ ಕಳಸ್ತಿದ್ಲು." ಕುಬಸದ ದಿನ ಹೋಳಿಗೆ ಬುಟ್ಟಿಯ ತಳದಲ್ಲಿ ನೀನು ಇಟ್ಟು ತಂದದ್ದನ್ನೂ ಅವರು ನೋಡಿದ್ದರಂತೆ.

ನನ್ನ ಟ್ರಂಕಿನಲ್ಲಿ ಒಂದು ಹೆಂಟೆ ಉಳಿದಿತ್ತು. ಡಾಕ್ಟರಬಾಯಿ ಅದನ್ನು ಧಾರವಾಡದ ಕಾಲೇಜಿನಲ್ಲಿ ತಮ್ಮ ಗುರುತಿನ ಮಾಸ್ತರರಿಗೆ ಕಳಿಸಿದರು. ನಮ್ಮವರು ಮೂಡಲಗಿ ಬಸ್ಸಿಗೆ ಬಂದು, ಊರೊಳಗೆ ಕಾಲಿಡದೆ, ಹೊಳೆಯ ನೀರನ್ನೂ ಬಾಟಲಿಯಲ್ಲಿ ತಂದುಕೊಟ್ಟರು. ನೀರಿನಲ್ಲಿ ಅಷ್ಟೇನೂ ಇರಲಿಲ್ಲ. ಮಣ್ಣಿನ ತುಂಬ ಸೀಸ.

ನೀನು ಏನು ಅನ್ನುತ್ತೀ ಎಂದು ಗೊತ್ತು. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಹಳ್ಳದ ಬಾಜೂದ ಶೆಡ್ಡು ನನ್ನ ಮದುವೆಯ ವರ್ಷವೇ ಮುಚ್ಚಿತಲ್ಲ. ನಾನೂ ಹಾಗೇ ಅಂದೆ. "ಶೆಡ್ಡು ಮುಚ್ಚಿದರ ಅದು ಹೋಗೂದಿಲ್ಲವಾ" ಅಂದರು ಡಾಕ್ಟರಬಾಯಿ. "ನೀರ ಹರದ ಹೋಗತೈತಿ. ಸೀಸ ತಳದ ಕೆಸರಿನ್ಯಾಗ ಕುಂದರತೈತಿ. ವರ್ಷಾ ವರ್ಷಾ ಕೂಡಕೋತ ಬಂದಿರತೈತಿ." ನೀನು ಹಂಚಿನ ಮೇಲೆ ಹುರಿದು ಕೊಡುತ್ತಿದ್ದುದು ನೆನಪಾಗಿ, ಹುರಿದರ ಹೋಗೂದಿಲ್ಲೇನ್ರಿ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಇದೊಂದೇ ಕಾರಣ ಎಂದು ಬರೆದುಕೊಡಲು ಬರುವುದಿಲ್ಲ, ಖರೆ ಮಿದುಳಿಗೆ ಆದದ್ದು ತಿರುಗಿ ಸರಿಯಾಗುವುದು ಕಷ್ಟ ಅಂದರು.

ಇಲ್ಲಿ ಯಾರೂ ನನ್ನನ್ನು ಹೊಡೆದಿಲ್ಲ, ಬಡಿದಿಲ್ಲ. ಅತ್ತಿ ದಿನಾ ಸುಧಾಳನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚದಿಂದ ಗಂಜಿ ಹನಿಸುತ್ತಾರೆ. ಅರ್ಧ ಒಳಗೆ ಹೋಗುತ್ತದೆ, ಅರ್ಧ ಕೊರಳಿಗೆ ಇಳಿಯುತ್ತದೆ. ಒರೆಸಿ ಮತ್ತೆ ಹನಿಸುತ್ತಾರೆ. ಆದರೆ ನಾನು ನಿನ್ನ ಹೆಸರು ತೆಗೆದರೆ ಎದ್ದು ಒಳಗೆ ಹೋಗುತ್ತಾರೆ. ಕೂಸಿಗೆ ಬಸ್ಸು ಆಗಿಬರುವುದಿಲ್ಲ, ಅದಕ್ಕೇ ಈ ಪಂಚಮಿಗೆ ಬರುವುದಿಲ್ಲ ಎಂದು ಅಣ್ಣನಿಗೆ ಬರೆದದ್ದು ಸುಳ್ಳು. ನಿನ್ನ ಎದುರಿಗೆ ಕೂತು ಇದನ್ನು ಮುಚ್ಚಿಡುವುದು ನನ್ನಿಂದ ಆಗುತ್ತಿರಲಿಲ್ಲ.

ಈಗ ಹೀಗೆ ಮಾಡು. ಮಾಳಿಗೆಯ ಮೇಲಿನ ಹೆಂಟೆಗಳನ್ನು ತಿಪ್ಪೆಗೆ ಚೆಲ್ಲಬೇಡ, ಹೊಳೆಗೂ ಹಾಕಬೇಡ. ಊರ ಹೊರಗೆ ಆಳವಾಗಿ ತಗ್ಗು ತೋಡಿಸಿ ಹೂಳು. ಆ ಮಣ್ಣಿನಿಂದ ಒಲೆ ಸಾರಿಸಿದ್ದರೆ ಹೊಸ ಒಲೆ ಹಾಕು. ವೈನಿಯನ್ನು ಬೆಳಗಾವಿಗೆ ಕಳಿಸಿ ರಕ್ತ ತೋರಿಸು. ಮೈಯಲ್ಲಿ ರಕ್ತ ಕಡಿಮೆ ಇದ್ದಾಗ ಹೀಗೆ ಮಣ್ಣು ಬೇಕೆನಿಸುತ್ತದಂತೆ. ಗುಳಿಗೆ ತೆಗೆದುಕೊಂಡರೆ ಬಯಕೆ ತಾನೇ ಕಡಿಮೆಯಾಗುತ್ತದೆ. ಉದ್ದಪ್ಪ ಕಾಕಾನ ಸೊಸೆಗೂ ನೀನು ಹೆಂಟೆ ಕೊಡುತ್ತಿದ್ದೆಯಲ್ಲ, ಅವಳಿಗೂ ಹೋಗಿ ಹೇಳು. ಹೇಳಲು ನಾಚಿಕೆಯಾದರೂ ಹೇಳು.

ನೀನು ಊಟ ಬಿಡುತ್ತೀ ಎಂದು ಗೊತ್ತಿದ್ದೇ ಬರೆದಿದ್ದೇನೆ. ಬಿಡಬೇಡ. ವೈನಿಯನ್ನು ನೋಡಿಕೊಳ್ಳಲು ನೀನೇ ಬೇಕು.

ನಿನ್ನ ಮಗಳು,
ನೇತ್ರಾ

ತಾ.ಕ.: ಸಹಿ ಮಾಡಿದ ಮೇಲೂ ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ಮೊದಲ ಸಲ ನೀನು ತಂದದ್ದು ನಮ್ಮ ಹೊಲದ ಮಣ್ಣು. ಸಪ್ಪಗಿದೆ ಎಂದು ಉಗುಳಿದವಳು ನಾನು. ಹಳ್ಳ ಹೊಳೆಗೆ ಕೂಡುವಲ್ಲಿನದೇ ಬೇಕು, ಅದೇ ಸಿಹಿ ಎಂದವಳೂ ನಾನೇ. "ಅಲ್ಲಿ ನೀರ ವಾಸನಿ ಹೊಡಿತೈತಿ, ಬ್ಯಾಡವಾ" ಎಂದು ನೀನು ಎರಡು ಸಲ ಹೇಳಿದ್ದೆ. ನಾನು ಊಟ ಬಿಟ್ಟು ಹಟ ಮಾಡಿದೆ. ಇದನ್ನು ಡಾಕ್ಟರಬಾಯಿಗೆ ಹೇಳಿಲ್ಲ, ನಮ್ಮವರಿಗೆ ಹೇಳಿಲ್ಲ. ಅತ್ತಿ ದಿನಾ ನಿನ್ನನ್ನೇ ಅನ್ನುತ್ತಾರೆ. ನಾನು ಕೇಳಿಕೊಂಡು ಸುಮ್ಮನೆ ಕೂಡುತ್ತೇನೆ.